ಬಯೋಸ್ ಅಪ್‌ಡೇಟ್ ಆಗುವಷ್ಟು ಹೊತ್ತು

"ಇವತ್ತು ಮುಗಿಸಿಯೇ ಹೋಗ್ತೆ ಮೇಡಮ್."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ದೇವು ಹೀಗಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ಮುಂಬಯಿಯ ಚಿಕ್ಕಪ್ಪ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಅದು. ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ದೋಸೆ ಕಾವಲಿಯ ಹಾಗೆ ಕಾದು, ತಾನಾಗಿಯೇ ಆರಿಹೋಗುತ್ತಿತ್ತು. ದೇವು ಧೂಳು ತೆಗೆದ, ಫ್ಯಾನ್ ಬದಲಾಯಿಸಿದ, ವಿಂಡೋಸ್ ಹೊಸದಾಗಿ ಹಾಕಿದ. ಊಹುಂ, ಫ್ಯಾನ್ ತಿರುಗಲೇ ಇಲ್ಲ. ಕುಮಟೆಯ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಮುಚ್ಚುವ ಭಾನುವಾರಗಳಲ್ಲಿ ಬಸ್ಸು ಹಿಡಿದು, ಹೊನ್ನಾವರದ ಸೇತುವೆ ದಾಟಿ, ಕಾಸರಕೋಡಿನ ನಮ್ಮ ಐಸ್ ಫ್ಯಾಕ್ಟರಿಗೆ ಬರುತ್ತಿದ್ದ. ನಾನು ಅಲ್ಲಿ ಲೆಕ್ಕ ನೋಡಿಕೊಳ್ಳುವವಳು. ಬೋಟಿನವರಿಗೆ ಭಾನುವಾರ ಇಲ್ಲ, ಹಾಗಾಗಿ ಐಸಿಗೂ ಇಲ್ಲ, ನನಗೂ ಇಲ್ಲ.

ರಿಪೇರಿ ಎಳೆದಷ್ಟೂ ನನಗೆ ಒಳಗೊಳಗೇ ಸಂತೋಷ. ಒಂದು ಫ್ಯಾನಿಗಾಗಿ ಯಾರಾದರೂ ಇಷ್ಟು ಸಲ ಬರುತ್ತಾರೆಯೇ? ಆದರೆ ಆ ಪುಣ್ಯಾತ್ಮ ಬಾಯಿ ಬಿಡಬೇಕಲ್ಲ! ಅವನಿಗೆ ಬಾಯಿ ಇರುವುದೇ ಬಿಚ್ಚಿದ ಸ್ಕ್ರೂಗಳನ್ನು ಕಚ್ಚಿಕೊಳ್ಳಲು. ನಾನು ಏನು ಕೇಳಿದರೂ ತುಟಿಯ ನಡುವೆ ಸ್ಕ್ರೂ ಇಟ್ಟುಕೊಂಡು "ಹ್ಮ್" ಅನ್ನುತ್ತಿದ್ದ.

ಅವತ್ತು ಬೆಳಿಗ್ಗೆಯಷ್ಟೇ ಅಪ್ಪ ಹೇಳಿದ್ದರು. "ಅಂಕೋಲೆಯವರು ಸಂಜೆಗೆ ಉತ್ತರ ಕೇಳ್ತ್ರು, ಅಮಿತಾ. ಹುಡುಗ ಒಳ್ಳೆಯವನೇ. ನಿನ್ ಮನಸ್ಸಲ್ಲಿ ಬೇರೆ ಎಂತಾದ್ರೂ ಇದ್ರೆ ಅಷ್ಟ್ರೊಳಗೆ ಹೇಳು."

ಮನಸ್ಸಲ್ಲಿ ಇದ್ದದ್ದು ಇವನು. ಇವನೋ, ಇವತ್ತು ಮುಗಿಸಿ ಹೋಗ್ತಾನಂತೆ!

"ಅಷ್ಟು ಅವಸರ ಎಂತ?" ಅಂದೆ, ಆದಷ್ಟು ಒರಟಾಗಿ.

"ತಪ್ಪು ಫ್ಯಾನಿಂದಲ್ಲ ಮೇಡಮ್, ಬಯೋಸಿಂದು." ಅವನ ಮುಖ ಹೊಳೆಯುತ್ತಿತ್ತು. "ಸ್ವಿಚ್ ಒತ್ತಿದ ಕೂಡಲೆ ಎಲ್ಲರಿಗಿಂತ ಮೊದಲು ಎದ್ದೇಳೂ ಪ್ರೋಗ್ರಾಮ್ ಅದು. ಅದೇ ಫ್ಯಾನನ್ನ ಎಬ್ಬಿಸ್ಬೇಕು. ಇದ್ರಲ್ಲಿ ಇದ್ದದ್ದು ಹಳೇದು, ಎಬ್ಬಿಸೂದೇ ಇಲ್ಲ. ಹೊಸದು ಇಂಟರ್‌ನೆಟ್ಟಲ್ಲಿ ಸಿಕ್ತು."

ಒಂದು ಪ್ಲಾಸ್ಟಿಕ್ ಚೀಲ ಬಿಚ್ಚಿದ. ಒಳಗೆ ಇನ್ನೊಂದು ಚೀಲ, ಅದರೊಳಗೆ ಒಂದು ಫ್ಲಾಪಿ. ಮಳೆಗಾಲದ ತೇವಕ್ಕೆ ಬೂಸಲು ಹಿಡಿಯಬಾರದೆಂದು ಮಗುವಿನ ಹಾಗೆ ಸುತ್ತಿ ತಂದಿದ್ದ. ಫ್ಲಾಪಿಯ ಮೇಲೆ ಇಷ್ಟು ಅಕ್ಕರೆ, ಎದುರಿಗೆ ಕೂತವಳ ಮೇಲೆ ಇಲ್ಲ.

"ಒಂದೇ ಭಯ," ಅಂದ. "ಬ್ಯಾಟರಿ ಸತ್ತಿದೆ. ಅಪ್‌ಡೇಟ್ ಆಗ್ತಾ ಇರೂವಾಗ ಒಂದು ಕ್ಷಣ ಕರೆಂಟ್ ಹೋದ್ರೂ ಮಷೀನ್ ಮತ್ತೆ ಏಳೂದಿಲ್ಲ."

ಕರೆಂಟ್ ಆಗಲೇ ಹೋಗಿತ್ತು. ಆ ಹೊತ್ತಿಗೆ ದಿನಾ ಹೋಗುತ್ತದೆ. ಹೊರಗೆ ಜಟ್ಟಣ್ಣ ನೋಡಿಕೊಳ್ಳುವ ಫ್ಯಾಕ್ಟರಿಯ ಜನರೇಟರ್ ಗುಡುಗುಡು ಅನ್ನುತ್ತಿತ್ತು. ಸಂಜೆವರೆಗೆ ಕರೆಂಟ್ ಬಾರದು, ಜನರೇಟರೇ ಭದ್ರ ಎಂದು ದೇವು ಧೈರ್ಯ ಮಾಡಿದ. ಬ್ಯಾಟರಿ ಇಲ್ಲ, ಆದರೂ ಮಾಡಲೇ ಎಂದು ಮಷೀನ್ ಕೇಳಿತು. ಹೌದೆಂದು ಒತ್ತಿದ.

ಕಪ್ಪು ಪರದೆಯ ಮೇಲೆ ಬಿಳಿ ಚೌಕಗಳು ಒಂದೊಂದಾಗಿ ಮೂಡತೊಡಗಿದವು.

"ಇನ್ನು ಮುಟ್ಟೂ ಹಾಗಿಲ್ಲ," ಅಂದ.

ಅವನ ಕೈಗೆ ಕೆಲಸವಿಲ್ಲ, ಬಾಯಲ್ಲಿ ಸ್ಕ್ರೂ ಇಲ್ಲ. ಪಾಪ, ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅಂಗಿಯ ಗುಂಡಿ ಮುಟ್ಟಿಕೊಂಡ, ಮೇಜು ಒರೆಸಿದ. ಕಪ್ಪು ಪರದೆಯಲ್ಲಿ ನಮ್ಮಿಬ್ಬರ ಮುಖವೂ ಕಾಣುತ್ತಿತ್ತು. ಅವನು ಚೌಕ ಎಣಿಸುವ ನೆಪದಲ್ಲಿ ನನ್ನನ್ನು ನೋಡುತ್ತಿದ್ದ. ನಾನು ಹುಬ್ಬೆತ್ತಿದೆ. ಸಿಕ್ಕಿಬಿದ್ದವನಂತೆ ಅವನ ಕಿವಿ ಕೆಂಪಾಯಿತು. ನನಗೆ ನಗು ತಡೆಯಲಾಗಲಿಲ್ಲ.

"ಎಲ್ಲಿವರೆಗೆ ಬಂತು?" ಅಂತ ಕೇಳಿದೆ.

"ಅರ್ಧ."

"ನಾನು ಅದನ್ನ ಕೇಳ್ಲಿಲ್ಲ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಂಗಳದ ಕಂಬದ ಬಲ್ಬು ಫಕ್ಕನೆ ಹತ್ತಿತು. ಅದು ಜನರೇಟರಿಗಲ್ಲ, ಲೈನಿಗೆ ನೇರ ಸೇರಿಸಿದ ಬಲ್ಬು. ಕರೆಂಟ್ ಬಂದಿತ್ತು!

ಕರೆಂಟ್ ಬಂದರೆ ಜಟ್ಟಣ್ಣ ಎಂತ ಮಾಡುತ್ತಾನೆ ಎಂದು ನನಗೆ ಗೊತ್ತು. ಉಣ್ಣುತ್ತಿದ್ದರೂ ಎದ್ದು ಓಡಿಹೋಗಿ ಜನರೇಟರಿನ ಹಿಡಿಯನ್ನು ಲೈನಿನ ಕಡೆಗೆ ಎಳೆಯುತ್ತಾನೆ. ಒಂದು ತೊಟ್ಟು ಡೀಸೆಲ್ ಹಾಳಾದರೂ ಅವನಿಗೆ ಸಂಕಟ. ಹಿಡಿ ಎಳೆಯುವ ಆ ಒಂದು ಕ್ಷಣ ಇಡೀ ಫ್ಯಾಕ್ಟರಿಗೆ ಕರೆಂಟ್ ಇರುವುದಿಲ್ಲ. ಹೀಗೊಂದು ಕೆಲಸ ನಡೆದಿದೆ ಎಂದು ನಾವಿಬ್ಬರೂ ಅವನಿಗೆ ಹೇಳಿಯೇ ಇರಲಿಲ್ಲ.

ನಾನು ಏಳುವಷ್ಟರಲ್ಲಿ ದೇವು ಕಿಟಕಿಯಿಂದಲೇ ಜಿಗಿದಿದ್ದ. ಹಿಂದೆಯೇ ಓಡಿದೆ. ಜಟ್ಟಣ್ಣನ ಕೈ ಹಿಡಿಯ ಮೇಲಿತ್ತು, ದೇವುವಿನ ಎರಡೂ ಕೈ ಜಟ್ಟಣ್ಣನ ಕೈ ಮೇಲೆ.

"ಬಿಡಾ ಮಾರಾಯಾ, ಡೀಸೆಲ್ ಉರೀತದೆ!"

"ಲ್ಯಾಪ್‌ಟಾಪ್ ಸಾಯ್ತದೆ ಜಟ್ಟಣ್ಣಾ!"

"ಸಾಯ್ಲಿ! ಹಳೇ ಪೆಟ್ಟಿಗೆ ಹೋದ್ರೆ ಎಂತ ಆತು? ತಂಗಿ ಹೊಸದು ತಗಂತದೆ."

"ಹೊಸದು ತಗೊಂಡ್ರೆ ಇವರು ನನ್ನ ಯಾಕೆ ಕರೀತ್ರು?" ದೇವು ಜನರೇಟರಿಗಿಂತ ಜೋರಾಗಿ ಕಿರುಚಿದ. "ನಾನು ಯಾವ ನೆಪದಲ್ಲಿ ಇಲ್ಲಿಗೆ ಬರೂದು?"

ಐಸ್ ಹೊರುವವರೆಲ್ಲ ತಿರುಗಿ ನೋಡಿದರು. ಜಟ್ಟಣ್ಣ ಮೆಲ್ಲನೆ ಹಿಡಿಯಿಂದ ಕೈ ತೆಗೆದ. ನನ್ನ ಮುಖ ನೋಡಿ, ಬೀಡಿ ಹುಡುಕುತ್ತಾ ಆಚೆ ಹೋದ. ಅವತ್ತು ಎಷ್ಟು ಡೀಸೆಲ್ ಉರಿಯಿತೋ, ಅವನು ಕೇಳಲೇ ಇಲ್ಲ.

ನಾವು ಒಳಗೆ ಬಂದಾಗ ಚೌಕಗಳು ತುಂಬಿದ್ದವು. ದೇವು ಮಷೀನ್ ಆರಿಸಿ ಮತ್ತೆ ಹಚ್ಚಿದ. ಸ್ವಲ್ಪ ಹೊತ್ತಿಗೆ ಸರ್ರನೆ ಸದ್ದು ಬಂತು. ಫ್ಯಾನ್ ತಿರುಗುತ್ತಿತ್ತು, ಬೆಚ್ಚನೆಯ ಗಾಳಿ ನನ್ನ ಕೈಗೆ ತಾಗಿತು.

"ಸರಿ ಆತು," ಅಂದ, ತಲೆ ತಗ್ಗಿಸಿ. "ಇನ್ನು ನನ್ನ ಅಗತ್ಯ ಇಲ್ಲ."

"ನಿಮಗೆ ಮಷೀನ್ ಒಂದೇ ಅರ್ಥ ಆಗೂದಾ?" ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಸಂಜೆ ಅಪ್ಪ ಅಂಕೋಲೆಯವರಿಗೆ ಉತ್ತರ ಕೊಡ್ತ್ರು. ನನಗೆ ನೀವು ಬೇಕು. ನಿಮಗೆ ನಾನು ಬೇಕಾ, ಬೇಡ್ವಾ? ಈಗ್ಲೇ ಹೇಳಿ."

ಅವನು ತಲೆಯೆತ್ತಿ, ಮೊದಲ ಸಲ ನೇರವಾಗಿ ನನ್ನನ್ನೇ ನೋಡಿದ.

"ಬೇಕು," ಅಂದ. "ಮೊದಲ್ನೇ ಭಾನುವಾರದಿಂದ್ಲೇ ಬೇಕು. ಹೇಳೂಕೆ ಧೈರ್ಯ ಇರ್ಲಿಲ್ಲ."

ನಾನು ಮೇಜಿನ ಮೇಲಿದ್ದ ಫೋನ್ ಎತ್ತಿ ಮನೆಗೆ ಹಚ್ಚಿದೆ. "ಅಪ್ಪಾ, ಅಂಕೋಲೆಯವರಿಗೆ ಬೇಡ ಅನ್ನಿ. ಮನಸ್ಸಲ್ಲಿ ಇದ್ದವರು ಇಲ್ಲೇ ಇದ್ರು, ಮಾತಾಡಿ," ಎಂದು ರಿಸೀವರನ್ನು ಅವನ ಕೈಗೆ ತುರುಕಿದೆ.

ಅವನು ಎದ್ದು ನಿಂತು, ಫೋನಿಗೇ ನಮಸ್ಕಾರ ಅಂದ. ಹೆಸರು ಹೇಳಿದ, ಊರು ಹೇಳಿದ, ಅಂಗಡಿ ಬಾಡಿಗೆಯದು ಅನ್ನುವುದನ್ನೂ ಬಿಡಲಿಲ್ಲ. ಆಮೇಲೆ ಗಾಬರಿಯಲ್ಲಿ ರಿಸೀವರಿಗೆ ಕೈ ಅಡ್ಡ ಹಿಡಿದ.

"ರಾತ್ರಿ ಊಟಕ್ಕೆ ಬಾ ಅಂತ್ರು. ಮೀನು ತಿಂತ್ಯಾ ಅಂತ ಕೇಳ್ತ್ರು. ಎಂತ ಹೇಳ್ಲಿ?"

"ತಿಂತೆ ಅನ್ನಿ ಮಾರಾಯ್ರೆ!"

"ತಿಂತೆ," ಅಂದ ಫೋನಿಗೆ. ಆಮೇಲೆ ತಾನಾಗಿಯೇ ಸೇರಿಸಿದ, "ಸಾರು ಮಾಡೂಕೂ ಬರ್ತದೆ."

ಅಪ್ಪನ ನಗು ಮೇಜಿನ ಈಚೆಗೂ ಕೇಳಿಸಿತು.