ಹಿಂದಿನಿಂದ ಕೂಗಬಾರದು

"ನೀ ಇರಲಿಲ್ಲಂದ್ರ ನನ್ನ ಮಗ ಆ ಗುಡ್ಡದಾಗ ಉಳದ ಬಿಡ್ತಿದ್ದ," ಎನ್ನುತ್ತಾ ಗಿರಿಜಾದೇವಿ ಶರಣ್ಯಾಳ ತಟ್ಟೆಗೆ ಇನ್ನೊಂದು ಜೋಳದ ರೊಟ್ಟಿ ಹಾಕಿದರು. ಪ್ರತಿ ಭಾನುವಾರವೂ ಅದೇ ಮಾತು, ಅದೇ ರೊಟ್ಟಿ. ಬೇಡ ಅಂದರೆ ಕೇಳುವ ಹೆಂಗಸಲ್ಲ ಅವರು. ಶರಣ್ಯಾ ತಲೆ ತಗ್ಗಿಸಿ ಎಣಗಾಯಿಯನ್ನು ಬೆರಳಲ್ಲಿ ಹಿಸುಕುತ್ತಾ ಕೂತಳು.

ಎದುರಿನ ಸೋಫಾದಲ್ಲಿ ಅವರ ಮಗ ಸುಶಾಂತ ಎಡಗಾಲು ಚಾಚಿಕೊಂಡು ಕೂತಿದ್ದ. ಪ್ಲಾಸ್ಟರ್ ಬಿಚ್ಚಿ ಆಗಿತ್ತು, ಈಗ ಒಂದು ಊರುಗೋಲು ಮಾತ್ರ. ಅವಳು ರೊಟ್ಟಿಯೊಡನೆ ಹೆಣಗುವುದನ್ನು ನೋಡುತ್ತಾ ತುಟಿಯಂಚಿನಲ್ಲಿ ನಗುತ್ತಿದ್ದ. ಅವಳು ಕಣ್ಣೆತ್ತಿದ ಕೂಡಲೇ ಟಿವಿ ಕಡೆ ತಿರುಗಿದ. ಟಿವಿ ಆನ್ ಆಗಿರಲಿಲ್ಲ.

ಅವಳಿದ್ದ ಸಟನ್‌ನಿಂದ ಇವರ ಕ್ವೀನ್ಸ್‌ಬರಿಗೆ ಎಂದರೆ ಲಂಡನ್ನಿನ ಈ ತುದಿಯಿಂದ ಆ ತುದಿ. ವಿಕ್ಟೋರಿಯಾವರೆಗೆ ಟ್ರೇನು, ಅಲ್ಲಿಂದ ಟ್ಯೂಬು, ಗ್ರೀನ್ ಪಾರ್ಕ್‌ನಲ್ಲಿ ಇಳಿದು ಜೂಬಿಲಿ ಲೈನು. ವಾರವೆಲ್ಲ ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನು ನೋಡಿ ಕಣ್ಣು ಕೆಂಪಾದ ಡಾಕ್ಟರು ಸಿಗುವ ಒಂದು ರಜೆಯಲ್ಲಿ ಇಷ್ಟು ದೂರ ಬರುತ್ತಾಳೆಂದರೆ ಯಾರಿಗಾದರೂ ಏನನ್ನಿಸಬೇಕು? ಗಿರಿಜಾದೇವಿಗೆ ಅದೇ ಅನ್ನಿಸಿತ್ತು. ಅವರ ಯಜಮಾನರು ನಾಗಲಿಂಗಪ್ಪನವರಿಗೂ ಅನ್ನಿಸಿತ್ತು. ಅವಳು ಬಂದ ಕೂಡಲೇ ಕೊತ್ತಂಬರಿ ತರುವ ನೆಪದಲ್ಲಿ ಮನೆ ಬಿಡುತ್ತಿದ್ದರು. ಸುಶಾಂತನಿಗಂತೂ ಕೇಳುವುದೇ ಬೇಡ. ಶನಿವಾರದವರೆಗೆ ಬೆಳೆದ ಗಡ್ಡ ಭಾನುವಾರ ಬೆಳಗ್ಗೆ ಮಾಯವಾಗಿರುತ್ತಿತ್ತು.

ಅವಳಿಗೂ ಪ್ರೀತಿ ಇತ್ತು. ಇಲ್ಲವೆಂದರೆ ಸುಳ್ಳಾದೀತು. ಆದರೆ ಆ ಪ್ರೀತಿ ಇಟ್ಟುಕೊಂಡು ಈ ಮನೆಯ ರೊಟ್ಟಿ ತಿನ್ನುವ ಯೋಗ್ಯತೆ ತನಗಿಲ್ಲ ಎನ್ನುವುದು ಅವಳೊಬ್ಬಳಿಗೇ ಗೊತ್ತಿತ್ತು.

ಅವರಿಬ್ಬರ ಪರಿಚಯವಾದದ್ದು ಲಂಡನ್ನಿನ ಕನ್ನಡದವರ ಚಾರಣದ ಗುಂಪಿನಲ್ಲಿ. ಊರ ಪಕ್ಕದ ಸರ್ರಿಯ ದಿಬ್ಬಗಳನ್ನು ಒಂದು ವರ್ಷ ಹತ್ತಿ ಇಳಿದ ಮೇಲೆ, ಜೂನ್ ತಿಂಗಳಲ್ಲಿ ಗುಂಪು ಇಟಲಿಯ ಆಲ್ಪ್ಸ್‌ಗೆ ಹೊರಟಿತ್ತು, ಫೆನೆಸ್ಟ್ರೆಲ್ಲೆ ಕೋಟೆಗೆ. ಬೆಟ್ಟದ ಮೇಲಿನಿಂದ ಕಣಿವೆಯ ತಳದವರೆಗೆ ಇಳಿದುಬಂದ ಗೋಡೆ, ಗೋಡೆಯ ಒಳಗೇ ಚಾವಣಿ ಮುಚ್ಚಿದ ಮೆಟ್ಟಿಲು, ಸುತ್ತಲೂ ಲಾರ್ಚ್ ಮರಗಳ ನಡುವೆ ಕಾಲುದಾರಿಗಳು. ದಾರಿ ತಪ್ಪದಿರಲೆಂದು ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟಿ ಬಳಿದಿದ್ದರು. ವಿಜಯಪುರದ ಸುಶಾಂತ ತಮ್ಮೂರ ಕೋಟೆಯಲ್ಲಿ ಆಡು ಮೇಯುತ್ತವೆ, ಇಲ್ಲಿ ಟಿಕೆಟ್ ಕೊಂಡ ಜನ ಮೇಯುತ್ತಾರೆ ಎಂದು ಎಲ್ಲರನ್ನೂ ನಗಿಸಿದ್ದ.

ಮೊದಲ ದಿನ ಒಂದು ತೊರೆ ದಾಟುವಾಗ ಅವನು ಕೈ ಚಾಚಿದ. ಅವಳು ಆ ಕೈ ಹಿಡಿಯದೆ ಅವನ ಇನ್ನೊಂದು ಕೈಯಲ್ಲಿದ್ದ ಕೋಲಿನ ತುದಿ ಹಿಡಿದಳು. ಅವನು ತನ್ನ ಬರಿಗೈಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಕೈಯನ್ನು ಜೇಬಿಗಿಳಿಸಿದ. ಆಮೇಲೆ ದಿನವಿಡೀ ಅವಳ ಕಣ್ಣು ಆ ಜೇಬಿನ ಮೇಲೇ ಇತ್ತು. ಅಷ್ಟು ಚೆನ್ನಾಗಿತ್ತು ಆ ದಿನ.

ರಾತ್ರಿ ಊಟಕ್ಕೆ ಕೂತಾಗ ಹಾಳಾಯಿತು. ಡಾಕ್ಟರಮ್ಮ ನಡೆದು ಬರುವಷ್ಟರಲ್ಲಿ ಕೋಟೆ ಬಿದ್ದು ಇನ್ನೊಂದು ಕಟ್ಟಿರುತ್ತಾರೆ ಎಂದು ಅವನು ತಮಾಷೆ ಮಾಡಿದ. ಎಲ್ಲರೂ ನಕ್ಕರು. ಆಸ್ಪತ್ರೆಯಲ್ಲೂ ನಿಧಾನ ಎನ್ನಿಸಿಕೊಂಡು ಸಾಕಾಗಿದ್ದ ಅವಳಿಗೆ ಅದು ಚುಚ್ಚಿತು. ಮರುದಿನ ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ. ಸಾರಿ ಅಂದ, ತನ್ನ ಪಾಲಿನ ಚಾಕೊಲೇಟ್ ಕೊಡಲು ಬಂದ. ಅವಳು ಬೂಟಿನ ಲೇಸು ಕಟ್ಟುತ್ತಾ ಕೂತುಬಿಟ್ಟಳು.

ಕೋಟೆಯ ಹಿಂದೆ ದಾರಿ ಎರಡಾಗುತ್ತಿತ್ತು. ಉಳಿದವರು ಮೇಲಿನ ದಾರಿ ಹಿಡಿದು ಮುಂದೆ ಹೋಗಿ ಆಗಿತ್ತು. ಸುಶಾಂತ ಕವಲಿನಲ್ಲಿ ಅರೆಗಳಿಗೆ ನಿಂತು, ಕೆಳಗಿನ ದಾರಿಗೆ ತಿರುಗಿದ. ಮಳೆಗೆ ಆ ದಾರಿ ಕುಸಿದಿದೆ, ಮುಚ್ಚಿದ್ದಾರೆ ಎಂದು ಲಾಡ್ಜಿನ ಹೆಂಗಸು ಬೆಳಗ್ಗೆ ಶರಣ್ಯಾಳಿಗೆ ಹೇಳಿದ್ದಳು. ಅವನು ಆಗ ಹೊರಗೆ ನೀರಿನ ಬಾಟಲಿ ತುಂಬಿಸುತ್ತಿದ್ದ. ಹಿಂದೆ ಲಾರ್ಚ್ ಮರದ ಹತ್ತಿರ ನಿಂತಿದ್ದ ಅವಳು ಬಾಯಿ ತೆರೆದಳು.

ಆಗ ಅಜ್ಜಿ ನೆನಪಾದಳು. ಮೈಸೂರಿನ ಮನೆಯಲ್ಲಿ ಯಾರೇ ಚಪ್ಪಲಿ ಮೆಟ್ಟಿ ಹೊರಟರೂ ಹಿಂದಿನಿಂದ ಕೂಗುವಂತಿರಲಿಲ್ಲ. ಕೂಗಿದರೆ ಹೋದ ಕೆಲಸ ಕೆಡುತ್ತದೆ, ಕೂಗಿದವರಿಗೆ ಬೈಗುಳ ಸಿಗುತ್ತದೆ. ಮರೆತ ಕೊಡೆಯನ್ನು ಕೊಡಲು ಗೇಟಿನವರೆಗೆ ಓಡಿ ಎದುರಿಗೆ ನಿಲ್ಲಬೇಕಿತ್ತು. ಶರಣ್ಯಾಳ ಬಾಯಿ ಮುಚ್ಚಿಕೊಂಡಿತು. ಓಡಿ ಹೋಗಬಹುದಿತ್ತು, ಓಡಲಿಲ್ಲ. ಸ್ವಲ್ಪ ದೂರ ಹೋಗಲಿ, ಪೆಚ್ಚಾಗಿ ವಾಪಸ್ ಬರಲಿ, ಆಗ ಯಾರು ನಿಧಾನ ಎಂದು ನೋಡೋಣ ಎಂದು ನಿಂತಳು. ಆಮೇಲೆ ಕಲ್ಲು ಉರುಳುವ ಸದ್ದು ಕೇಳಿಸಿತು.

ಅವಳೇ ಇಳಿದು ಹೋದಳು. ನಡೆಯುವ ಕೋಲುಗಳನ್ನು ಎರಡೂ ಬದಿಗೆ ಆಸರೆಯಾಗಿ ಇಟ್ಟು ಕುತ್ತಿಗೆಯ ಸ್ಕಾರ್ಫಿನಿಂದ ಮುರಿದ ಕಾಲು ಕಟ್ಟಿದಳು, ರೆಸ್ಕ್ಯೂಗೆ ಫೋನ್ ಮಾಡಿದಳು, ಹೆಲಿಕಾಪ್ಟರ್ ಬರುವವರೆಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗುಂಪಿನವರೆಲ್ಲ ಹೊಗಳಿದರು. ಕವಲಿನಲ್ಲಿ ದಾರಿ ಮುಚ್ಚಿದೆ ಎಂದು ಹಾಕಿದ್ದ ಬೋರ್ಡ್ ನೋಡದೆ ಹೋಗಿಬಿಟ್ಟೆ ಎಂದು ಸುಶಾಂತ ಎಲ್ಲರಿಗೂ ಹೇಳಿದ. ಅಂದಿನಿಂದ ಅವಳು ಭಾನುವಾರ ತಪ್ಪಿಸಿಲ್ಲ, ಒಂದು ಭಾನುವಾರವೂ ನಿಜ ಹೇಳಿಲ್ಲ.

ಊಟವಾದ ಮೇಲೆ, ಫಿಸಿಯೋ ಸಣ್ಣ ಏರು ಹತ್ತಲು ಹೇಳಿದ್ದಾರೆ, ಎರಡು ಸ್ಟೇಷನ್ ಆಚೆಯ ಬಾರ್ನ್ ಹಿಲ್‌ಗೆ ಹೋಗಿ ಬರೋಣ ಎಂದು ಸುಶಾಂತ ಎದ್ದ. ಗಿರಿಜಾದೇವಿ ಶರಣ್ಯಾಳ ಚೀಲಕ್ಕೆ ರೊಟ್ಟಿ, ಶೇಂಗಾ ಹಿಂಡಿ ತುರುಕಿ, ಇಬ್ಬರನ್ನೂ ಬಾಗಿಲವರೆಗೆ ಬಂದು ಕಳಿಸಿದರು. ಕಳಿಸುವಾಗ ಅವರ ಮುಖದಲ್ಲೊಂದು ಗುಟ್ಟು ಕುಣಿಯುತ್ತಿತ್ತು.

ಬಾರ್ನ್ ಹಿಲ್ ಹೆಸರಿಗಷ್ಟೇ ಬೆಟ್ಟ. ಆದರೂ ಸುಶಾಂತ ಮೇಲೆ ತಲುಪುವಷ್ಟರಲ್ಲಿ ಬೆವರಿದ. ಬೆಂಚಿನಲ್ಲಿ ಕೂತು ಊರುಗೋಲನ್ನು ಪಕ್ಕಕ್ಕೆ ಒರಗಿಸಿದ. ಕೆಳಗೆ ವೆಂಬ್ಲಿ ಸ್ಟೇಡಿಯಮ್ಮಿನ ಕಮಾನು ಕಾಣುತ್ತಿತ್ತು. ಈಗ ಯಾರು ನಿಧಾನ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಅವನೇ ಕೇಳಿದ, ಇವತ್ತು ತನ್ನನ್ನು ಕಾಡಿಸುವುದಿಲ್ಲವೇ ಎಂದು. ಅವಳ ಭುಜದ ಮೇಲೆ ಬಿದ್ದಿದ್ದ ಒಣ ಎಲೆಯೊಂದನ್ನು ಎತ್ತಿ, ಎಸೆಯದೆ ಬೆರಳ ನಡುವೆ ತಿರುಗಿಸುತ್ತಾ ಕೂತ.

"ಅವ್ವ ಮುಂದಿನ ವಾರ ಮೈಸೂರಿಗೆ, ನಿಮ್ಮ ಅಮ್ಮಗ ಫೋನ್ ಮಾಡ್ತಾಳಂತ," ಅಂದ. "ಮೊದಲ ನಾ ಆಕಿನ್ನ ಕೇಳ್ತೀನಿ, ಆಮ್ಯಾಲೆ ಮಾಡು ಅಂದೀನಿ. ಈಗ ಕೇಳಾಕತ್ತೀನಿ."

ಈ ಮಾತಿಗಾಗಿ ಒಂದು ವರ್ಷದಿಂದ ಕಾದವಳು ಅವಳು. ಹೂಂ ಅಂದರೆ ಮುಗಿಯಿತು. ಆದರೆ ಹೂಂ ಅಂದ ಮೇಲೆ ಜೀವನವಿಡೀ ಗಿರಿಜಾದೇವಿಯ ಮುಖ ನೋಡಬೇಕು, ಇವನು ಪ್ರತಿ ಚಳಿಗಾಲ ಕಾಲು ನೀವಿಕೊಳ್ಳುವುದನ್ನು ನೋಡಬೇಕು.

"ಆ ದಾರಿ ಮುಚ್ಚಿದೆ ಅಂತ ನನಗೆ ಗೊತ್ತಿತ್ತು ಸುಶಾಂತ. ನೀನು ಅಲ್ಲಿಗೆ ತಿರುಗಿದ್ದನ್ನ ನೋಡಿದೆ. ಕೂಗಲಿಲ್ಲ."

ಎಲೆ ತಿರುಗುವುದು ನಿಂತಿತು. ಅವಳು ಅಜ್ಜಿಯ ಮಾತನ್ನೂ ಹೇಳಿದಳು, ಅದು ಬರೀ ನೆಪ ಎಂಬುದನ್ನೂ ಹೇಳಿದಳು. ಸಿಟ್ಟಿತ್ತು, ನೀನು ಪೆಚ್ಚಾಗುವುದನ್ನು ನೋಡಬೇಕಿತ್ತು ಎಂದಳು. ಅಳಬಾರದು ಎಂದುಕೊಂಡೇ ಅತ್ತಳು.

"ನೋಡಿದ್ದಿ?" ಅಂದ ಅವನು. ಅಷ್ಟೇ ಕೇಳಿದ.

"ನೋಡಿದ್ದೆ."

ಸುಶಾಂತ ಎದ್ದ. ಅವಳ ಕಡೆ ತಿರುಗಿ ನೋಡದೆ ಇಳಿಜಾರಿನತ್ತ ನಡೆದ. ಬೆಳಗ್ಗೆ ಮಳೆ ಬಂದು ಹುಲ್ಲು ಒದ್ದೆಯಾಗಿತ್ತು. ಊರುಗೋಲು ಬೆಂಚಿಗೆ ಒರಗಿಕೊಂಡೇ ಇತ್ತು.

ಅವಳು ಅದನ್ನು ನೋಡಿದಳು, ಕುಂಟುತ್ತಾ ಹೋಗುತ್ತಿದ್ದ ಅವನ ಬೆನ್ನನ್ನು ನೋಡಿದಳು. ಮತ್ತೆ ಅದೇ ಬೆನ್ನು, ಅದೇ ಇಳಿಜಾರು. ತನ್ನ ಮೇಲೆ ಸಿಟ್ಟಾಗಿ ಹೋಗುವವನನ್ನು ಕರೆಯಲು ತನಗೆ ಯಾವ ಮುಖವಿದೆ ಎಂದು ಕಾಲು ನೆಲಕ್ಕೆ ಅಂಟಿತು. ಅವನ ಎಡಗಾಲು ಹುಲ್ಲಿನ ಮೇಲೆ ಸ್ವಲ್ಪ ಜಾರಿತು.

"ಸುಶಾಂತ! ನಿಂತ್ಕೊಳೋ ಅಲ್ಲೇ!"

ಅಷ್ಟು ಜೋರಾಗಿ ಅವಳು ಈ ದೇಶದಲ್ಲಿ ಯಾವತ್ತೂ ಕೂಗಿರಲಿಲ್ಲ. ನಾಯಿ ಸುತ್ತಾಡಿಸುತ್ತಿದ್ದ ಮುದುಕನೂ ನಿಂತ, ಅವನ ನಾಯಿಯೂ ನಿಂತಿತು. ಸುಶಾಂತ ನಿಂತಿದ್ದ. ಅವಳು ಊರುಗೋಲು ಹಿಡಿದು ಓಡಿ ಅವನ ಮುಂದೆ ಹೋದಾಗ ಅವನ ಕಣ್ಣೂ ಒದ್ದೆಯಾಗಿತ್ತು.

"ಅವತ್ತ ಹಿಂಗ ಕೂಗಿದ್ದರ ಸಾಕಿತ್ತು," ಅಂದ. ಕೋಲು ತೆಗೆದುಕೊಂಡ. ಆಮೇಲೆ ನೆಲ ನೋಡುತ್ತಾ ಹೇಳಿದ, "ಬೋರ್ಡ್ ನಾನೂ ನೋಡಿದ್ದೆ. ಮುಂಜಾನಿಂದ ನೀ ಮಾತಾಡಿರಲಿಲ್ಲ. ನಾಕ ಹೆಜ್ಜಿ ಆ ಕಡೆ ಹ್ವಾದರ ಕೂಗ್ತಿ ಅಂದ್ಕೊಂಡೆ. ಕೂಗಲಿಲ್ಲ. ಪಾಪ, ನೋಡಿಲ್ಲ ಅಂತ ತಿಳಕೊಂಡು ಇಷ್ಟ ದಿನ ಸಮಾಧಾನ ಮಾಡ್ಕೊಂಡೆ. ಅವ್ವ ನಿನಗ ಕೈ ಮುಗಿಯೂವಾಗ ನಾನೂ ಸುಮ್ಮನ ಕುಂತೀನಿ, ಶರಣ್ಯಾ."

ಅವಳಿಗೆ ಹಗುರಾಗಬೇಕಿತ್ತು. ಆಗಲಿಲ್ಲ. ಅವನು ಪೆದ್ದನಂತೆ ಮಾಡಿದ್ದ ಎಂದ ಮಾತ್ರಕ್ಕೆ ತಾನು ಸುಮ್ಮನೆ ನಿಂತದ್ದು ಅಳಿಸಿಹೋಗುವುದಿಲ್ಲ. ಈ ಸುಳ್ಳಿನ ಮೇಲೆ ಆಂಟಿ ಅಮ್ಮನಿಗೆ ಫೋನ್ ಮಾಡುವುದು ಬೇಡ ಎಂದಳು. ಇಳಿಯುವಾಗ ಅವನು ಕೋಲನ್ನು ಬಲಗೈಗೆ ಬದಲಾಯಿಸಿ ಎಡಗೈಯಿಂದ ಅವಳ ಭುಜ ಹಿಡಿದುಕೊಂಡ. ಆ ಕೈ ಬಿಸಿಯಾಗಿತ್ತು.

ವೆಂಬ್ಲಿ ಪಾರ್ಕ್ ಸ್ಟೇಷನ್ನಿನಲ್ಲಿ ಅವನ ಪ್ಲಾಟ್‌ಫಾರ್ಮ್ ಒಂದು, ಅವಳದು ಇನ್ನೊಂದು. ಬರ್ತೀನಿ ಎಂದು ಅವನ ಮುಖ ನೋಡದೆ ಅವಳು ಮೆಟ್ಟಿಲು ಇಳಿದಳು. ಚೀಲದಲ್ಲಿ ಗಿರಿಜಾದೇವಿಯ ರೊಟ್ಟಿ ಭಾರವಾಗಿತ್ತು. ಮುಂದಿನ ಭಾನುವಾರ ಬರುವುದಿಲ್ಲ ಎಂದು ಮೆಸೇಜ್ ಮಾಡುವುದು, ಖಾಲಿ ಡಬ್ಬಿಯನ್ನು ಪೋಸ್ಟಿನಲ್ಲಿ ಕಳಿಸುವುದು ಎಂದು ಲೆಕ್ಕ ಹಾಕುತ್ತಿದ್ದಳು. ಟ್ರೇನು ಬಂದು ನಿಂತು ಬಾಗಿಲು ತೆರೆಯಿತು. ಒಂದು ಕಾಲು ಮುಂದಿಟ್ಟಳು.

"ಶರಣ್ಯಾ!"

ಮೆಟ್ಟಿಲಿನ ಮೇಲ್ತುದಿಯಲ್ಲಿ, ಕಂಬಿ ಹಿಡಿದು, ಜನರ ನಡುವೆ ಅವನು ನಿಂತಿದ್ದ. ಇಂಗ್ಲಿಷರೆಲ್ಲ ತಿರುಗಿ ನೋಡಿದರು. ಅವನಿಗೆ ಅದರ ಖಬರೇ ಇರಲಿಲ್ಲ.

"ಯಾಕೋ ಕೂಗ್ದೆ?" ಎಂದಳು ಅವಳು, ಅಳುವೂ ನಗುವೂ ಒಟ್ಟಿಗೇ ಬಂದು. "ಹೋಗೋ ಕೆಲಸ ಕೆಡುತ್ತೆ ಅಂತ ಈಗ ತಾನೇ ಹೇಳಿದೆನಲ್ಲ."

"ಕೆಡ್ಲಿ ಅಂತನ ಕೂಗೀನಿ," ಅಂದ ಸುಶಾಂತ. "ಬಾ, ಅವ್ವಗ ಇಬ್ಬರೂ ಕೂಡಿ ಹೇಳೂಣು. ಬೈಸ್ಕೊಳ್ಳೂಣು. ಆಮ್ಯಾಲೆ ಆಕಿಗೆ ಮನಸ್ಸಿದ್ದರ ಫೋನ್ ಮಾಡ್ಲಿ."

ಬಾಗಿಲು ಮುಚ್ಚಿತು. ಟ್ರೇನು ಅವಳಿಲ್ಲದೆ ಹೊರಟಿತು. ಶರಣ್ಯಾ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದಳು. ಅವನು ಕೈ ಚಾಚಿದ, ಈ ಸಲ ಅವಳು ಕೋಲು ಹಿಡಿಯಲಿಲ್ಲ.