ಪ್ಲಗ್ ಮೇಲಿನ ಚೆಂಡುಹೂ

ನೀವು ನಂಬದಿದ್ದರೂ ಚಿಂತೆಯಿಲ್ಲ, ಕಂಡಿದ್ದನ್ನು ಹೇಳುತ್ತೇನೆ. ಜೆ.ಪಿ. ನಗರದ ಒಂದು ಗೇಮ್ ಝೋನ್‌ನಲ್ಲಿ ನಾನು ಮೆಕ್ಯಾನಿಕ್. ಅಲ್ಲೊಂದು ಆಟವಿದೆ. ಒಂಬತ್ತು ತೂತುಗಳಿಂದ ಹಸಿರು ರಾಕ್ಷಸಮರಿಗಳು ಇಣುಕುತ್ತವೆ. ರಬ್ಬರ್ ಸುತ್ತಿಗೆಯಿಂದ ಬಡಿದರೆ ಕಿಲಕಿಲ ನಗುತ್ತವೆ.

ಅವತ್ತು ಮಧ್ಯಾಹ್ನ ಆಯುಧಪೂಜೆ ಮುಗಿದಿತ್ತು. ನಾನೇ ಆ ಆಟದ ಪ್ಲಗ್ ಕಿತ್ತು ನೆಲದ ಮೇಲಿಟ್ಟು, ಅದಕ್ಕೂ ಒಂದು ಚೆಂಡುಹೂ ಏರಿಸಿದ್ದೆ. ಅಷ್ಟರಲ್ಲಿ ಮ್ಯಾನೇಜರ್ ವಿಶ್ರುತ್ ಸುತ್ತಿಗೆ ಎತ್ತಿಕೊಂಡ.

"ಪೂಜೆಗಿಟ್ಟಿದ್ದನ್ನ ಇವತ್ತೊಂದಿನ ಮುಟ್ಬೇಡಿ ಸಾರ್," ಎಂದರು ನೆಲ ಒರೆಸುವ ಅಂಕಮ್ಮ.

"ನಂಗೇ ಹೇಳ್ಕೊಡ್ತೀಯಾ? ಎಲ್ರಿಗೂ ಕೇಳೋ ಹಾಗೆ ತಪ್ಪಾಯ್ತು ಅನ್ನು."

ಗಿರಾಕಿಗಳೆದುರು ಆ ಹಿರಿಯ ಜೀವ ಕೈಮುಗಿದು ಹೇಳಿತು. ನನಗೆ ಮೈಯೆಲ್ಲ ಉರಿದುಹೋಯಿತು.

ವಿಶ್ರುತ್ ಬಡಿಯತೊಡಗಿದ. ಮರಿಗಳು ಎದ್ದೆದ್ದು ಬಂದವು, ಒಂದೂ ನಗಲಿಲ್ಲ. ಸುಟ್ಟ ಕೂದಲಿನ ವಾಸನೆ ಬಂತು. ಪ್ಲಗ್ ಹೂವಿನ ಸಮೇತ ನೆಲದ ಮೇಲೇ ಇತ್ತು. ನಾನು ನೋಡಿದೆ. ಬೇಕೆಂದೇ ಹೇಳಲಿಲ್ಲ.

ಅಂದಿನಿಂದ ವಿಶ್ರುತ್‌ಗೆ ಮಾತು ಹೊರಡುತ್ತಿಲ್ಲ. ಡಾಕ್ಟರಿಗೂ ಕಾರಣ ಸಿಕ್ಕಿಲ್ಲ.

ಅಂಕಮ್ಮ ದಿನಾ ಬೆಳಿಗ್ಗೆ ನೆಲ ಒರೆಸಿ, ಮೂರನೆಯ ಮರಿಗೆ ಒಂದೇ ಒಂದು ಏಟು ಹಾಕುತ್ತಾರೆ. "ತಪ್ಪಾಯ್ತು," ಎನ್ನುತ್ತದೆ ಅದು, ವಿಶ್ರುತನ ದನಿಯಲ್ಲಿ.

ಪ್ಲಗ್ ನಾನಿನ್ನೂ ಹಾಕಿಲ್ಲ. ಅದರ ಮೇಲಿನ ಹೂ ಇನ್ನೂ ಬಾಡಿಲ್ಲ.