ಎಡಗಿವಿಯ ಮಗ್ಗ

ಬೆಟಗೇರಿಯಲ್ಲಿ ನನ್ನಂಥ ನೇಕಾರ ಇನ್ನೊಬ್ಬನಿಲ್ಲ. ಇಪ್ಪತ್ತು ಪವರ್‌ಲೂಮುಗಳ ಗದ್ದಲದಲ್ಲೂ ದೂರದ ಲಕ್ಕುಂಡಿಯ ಇರುವೆ ಸೀನಿದರೆ ನನಗೆ ಕೇಳುತ್ತಿತ್ತು. ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡು ನೇಯಿರಿ ಎಂದ ಡಾಕ್ಟರಿಗೆ, "ಅವೆಲ್ಲ ಅಂಜುಬುರುಕರಿಗ್ರೀ ಸಾಹೇಬ್ರ" ಎಂದು ನಕ್ಕಿದ್ದೆ.

ಹೋದ ಸೋಮವಾರ ಮಧ್ಯಾಹ್ನ ಕರೆಂಟ್ ಹೋಯಿತು. ಮಗ್ಗಗಳೆಲ್ಲ ನಿಂತರೂ ನನ್ನ ಎಡಗಿವಿಯೊಳಗೆ ಒಂದು ಮಾತ್ರ ಖಟಾಖಟ್ ಓಡುತ್ತಲೇ ಇತ್ತು. ಕಿವಿಯಿಂದ ಬಿಸಿಗಾಳಿ ಬರುತ್ತಿತ್ತು, ಸುಟ್ಟ ಎಣ್ಣೆಯ ವಾಸನೆಯ ಗಾಳಿ.

"ಸುಳ್ಳ ಹೇಳೂದ್ರಾಗ ನಿಮ್ಮನ್ನ ಮೀರಿಸಾವ್ರಿಲ್ಲ ಬಿಡ್ರಿ," ಎಂದು ಹೆಂಡತಿ ದ್ರಾಕ್ಷಾಯಣಿ ತನ್ನ ಕಿವಿಯನ್ನು ನನ್ನ ಕಿವಿಗೆ ಒತ್ತಿದಳು.

"ಅಯ್ಯ ಶಿವನ, ಖರೇನ ಓಡಾಕತ್ತೈತ್ರಿ!"

ಮರುಕ್ಷಣವೇ, ಮಗ್ಗದಿಂದ ಸಿಡಿದ ಲಾಳಿ ಬಡಿದವಳಂತೆ ಗೋಡೆಗೆ ಹಾರಿ ಬಿದ್ದಳು. ಅವಳ ಕಿವಿಯಿಂದ ರಕ್ತ ಚಿಮ್ಮಿತು.

ಅವಳಿಗೆ ಆ ಕಿವಿ ಇನ್ನು ಕೇಳುವುದಿಲ್ಲವಂತೆ. ಹರಿದ ಕಿವಿತಮಟೆಯ ಹಿಂದಿನಿಂದ ಡಾಕ್ಟರು ಮೊಳದುದ್ದ ಹಸಿರು ನೂಲು ಎಳೆದರು. ನಮ್ಮ ಮಗ್ಗಗಳಲ್ಲಿ ಈ ತಿಂಗಳೆಲ್ಲ ಇದ್ದದ್ದು ಬರೀ ಬಿಳಿ ನೂಲು.